ನೋವು ನಿಂತ ಬೆರಳು

ಹೋದ ವರ್ಷ ಏಪ್ರಿಲ್‌ನಲ್ಲಿ ಊರಹಬ್ಬಕ್ಕೆ ಅಂತ ಮೈಸೂರಿಂದ ಊರಿಗೆ ಹೋಗಿದ್ದೆ. ನಮ್ಮೂರು ಮದ್ದೂರಿಂದ ಮಳವಳ್ಳಿ ಕಡೆ ಹೋಗೋ ದಾರೀಲಿ ಒಳಗಡೆ ಸಿಗುತ್ತೆ, ನಾಲೆಯ ಕೊನೇ ಭಾಗ. ಮಧ್ಯಾಹ್ನ ಕೊಟ್ಟಿಗೆ ಮುಂದಿನ ಕಲ್ಲುಚಪ್ಪಡಿ ಮೇಲೆ ಕಾಲು ಜಾರಿ ಗಂಟು ಉಳುಕಿ, ಐದೇ ನಿಮಿಷದಲ್ಲಿ ಬನ್ನು ಊದ್ದಂಗೆ ಊದ್ಕೊಂಡ್ತು. ಎಲ್ರೂ ಐಸ್ ಇಡು ಐಸ್ ಇಡು ಅಂದ್ರು. ಫ್ರೀಜರಲ್ಲಿದ್ದ ಐಸ್ ಗಡ್ಡೆ ಪ್ಲಾಸ್ಟಿಕ್ ಕವರಿಗೆ ಹಾಕಿ, ನೇರ ಚರ್ಮದ ಮೇಲಿಟ್ಟು, ಟವೆಲಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿ ಫ್ಯಾನ್ ಕೆಳಗೆ ಮಂಚದ ಮೇಲೆ ಮಲಗಿದೆ. ಮೊದಲು ಸಿಕ್ಕಾಪಟ್ಟೆ ಉರಿ, ಆಮೇಲೆ ಸೂಜಿ ಚುಚ್ಚಿದಂಗೆ, ಆಮೇಲೆ ಏನೂ ಇಲ್ಲ, ಉಳುಕಿದ ನೋವೂ ಇಲ್ಲ ಐಸಿನ ಉರೀನೂ ಇಲ್ಲ, ಸದ್ಯ ಐಸ್ ಕೆಲಸ ಮಾಡ್ತಿದೆ ಅಂದ್ಕೊಂಡು ನೆಮ್ಮದಿಯಾಗಿ ನಿದ್ದೆ ಹೋದೆ. ಎದ್ದಾಗ ಒಂದೂವರೆ ಗಂಟೆ ಆಗಿತ್ತು.

ಟವೆಲ್ ಬಿಚ್ಚಿ ನೋಡಿದ್ರೆ ಗಂಟಿನ ಮೇಲೆ ಅಂಗೈಯಗಲದ ಜಾಗ ಬಿಳುಚಿಕೊಂಡು ಮೇಣದಬತ್ತಿ ಥರ ಆಗಿದೆ. ಬೆರಳಲ್ಲಿ ಒತ್ತಿದ್ರೆ ಗಟ್ಟಿ, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತೆ, ಕಾಲಿಗೆ ಗೊತ್ತಾಗಲ್ಲ. ಚಿಕ್ಕಮ್ಮ ಗಾಬರಿಯಾಗಿ, ತಡಿ ಉಪ್ಪು ಹುರಿದು ಶಾಖ ಕೊಡ್ತೀನಿ, ಒಂಚೂರು ಎಣ್ಣೆ ಹಾಕಿ ಚೆನ್ನಾಗಿ ಉಜ್ಜುದ್ರೆ ರಕ್ತ ಓಡಾಡ್ತದೆ ಅಂತ ಒಲೆ ಕಡೆ ಹೊರಟ್ರು. ಜಗಲಿ ಮೇಲಿಂದ ಚಿಕ್ಕಪ್ಪ ಎದ್ದು ಬಂದ್ರು. ಅವರ ನಡಿಗೆ ನಮ್ಮೂರಲ್ಲಿ ಯಾರಿಗಾದ್ರೂ ಕತ್ತಲಲ್ಲೂ ಗೊತ್ತಾಗುತ್ತೆ, ಎಡಗಾಲು ಊರುವಾಗ ಹಿಮ್ಮಡಿ ಜಾಸ್ತಿ ಬೀಳುತ್ತೆ. ಬಗ್ಗಿ ನೋಡಿ, ಕೈಯ ಹಿಂಭಾಗದಿಂದ ಆ ಬಿಳೀ ಜಾಗ ಮುಟ್ಟಿ, "ನೋವಾಯ್ತದಾ?" ಅಂದ್ರು.

"ಇಲ್ಲ ಚಿಕ್ಕಪ್ಪ, ಏನೇನೂ ನೋವಿಲ್ಲ."

ಅವರ ಮುಖ ಬದಲಾಗಿದ್ದು ನನಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ. "ನೋವಿಲ್ಲ ಅಂದ್ರೆ ಹೆದ್ರುಕೋಬೇಕು ಕಣ್ಲಾ," ಅಂದ್ರು, ಒಲೆ ಹತ್ರ ಇದ್ದ ಚಿಕ್ಕಮ್ಮಂಗೆ ಕೂಗಿ, "ಉಪ್ಪೂ ಬ್ಯಾಡ ಎಣ್ಣೇನೂ ಬ್ಯಾಡ, ಯಾರೂ ಉಜ್ಬ್ಯಾಡಿ, ಒಂದು ಬೇಸನ್ನಲ್ಲಿ ಉಗುರುಬೆಚ್ಚಗಿನ ನೀರು ತಕ್ಕಂಬಾ" ಅಂದ್ರು. ನೀರಿಗೆ ಮೊಣಕೈ ಇಟ್ಟು ನೋಡಿದ್ರು, ಕೂಸಿಗೆ ನೀರು ಹಾಕೋಕೆ ಮುಂಚೆ ನೋಡ್ತಾರಲ್ಲ, ಹಾಗೆ. ಕಾಲು ಅದರಲ್ಲಿಟ್ಟು ನೀರು ಆರ್ತಾ ಬಂದಂಗೆ ಬಿಸಿನೀರು ಬೆರೆಸ್ತಾ ಸುಮಾರು ಇಪ್ಪತ್ತು ನಿಮಿಷ ಕೂತ್ಕೊಂಡಿದ್ರು. ಹತ್ತನೇ ನಿಮಿಷಕ್ಕೆ ನೋವು ಬಂತು. ಕೆಂಪಿರುವೆ ಗೂಡಲ್ಲಿ ಕಾಲಿಟ್ಟಂಗೆ, ಆಮೇಲೆ ಬೆಂಕಿಯಲ್ಲೇ ಇಟ್ಟಂಗೆ. ನಾನು ಕಿರುಚಿದೆ, ಚಿಕ್ಕಪ್ಪ ಉಸಿರು ಬಿಟ್ಟು, "ಹ್ಞಾ, ಬಂತು" ಅಂದ್ರು, ಕಳ್ಕೊಂಡಿದ್ದ ಎಮ್ಮೆ ಮನೆಗೆ ಬಂದಾಗ ಅಂತಾರಲ್ಲ ಆ ದನೀಲಿ.

ಮಾರನೇ ದಿನ ಎರಡು ಬೊಬ್ಬೆ ಎದ್ದಿತ್ತು, ಒಳಗೆ ತಿಳಿನೀರು. ಮದ್ದೂರಲ್ಲಿ ಡಾಕ್ಟರು ನೋಡಿ ಇದು ಫ್ರಾಸ್ಟ್‌ಬೈಟು, ಸೆಕೆಂಡ್ ಡಿಗ್ರಿ, ತಿಳಿನೀರಿನ ಬೊಬ್ಬೆ ಆಗಿರೋದ್ರಿಂದ ಪರವಾಗಿಲ್ಲ, ರಕ್ತ ತುಂಬಿದ ಬೊಬ್ಬೆ ಆಗಿದ್ರೆ ಗಾಯ ಆಳಕ್ಕೆ ಹೋಗಿದೆ ಅಂತ ಅರ್ಥ ಅಂದ್ರು. ಮೂರು ವಾರಕ್ಕೆ ವಾಸಿಯಾಯ್ತು. 38 ಡಿಗ್ರಿ ಬಿಸಿಲಲ್ಲಿ, ಮಂಡ್ಯ ಜಿಲ್ಲೇಲಿ, ಹಿಮ ಕಚ್ಚಿತ್ತು ನನಗೆ.

ಪೇಪರ್‌ನೋರು ಇದನ್ನ ಹಿಮಕಡಿತ ಅಂತ ಬರೀತಾರೆ, ಚಿಕ್ಕಪ್ಪ "ಫ್ರಾಸ್ ಬೈಟು" ಅಂತಾರೆ. ಅವರ ಎಡಗಾಲಲ್ಲಿ ಕಿರುಬೆರಳು ಮತ್ತೆ ಅದರ ಪಕ್ಕದ್ದು ಇಲ್ಲ, ನಡುಬೆರಳು ಅರ್ಧ ಇದೆ. ನಾವು ಚಿಕ್ಕವರಿದ್ದಾಗ ಗುಂಡು ಬಿದ್ದು ಹೋಯ್ತು ಅಂತ ನಂಬಿದ್ವಿ, ಯಾರೂ ಹಾಗೆ ಹೇಳಿರ್ಲಿಲ್ಲ, ಮಿಲಿಟ್ರಿ ಅಂದ್ರೆ ಗುಂಡು ಅಂತ ನಾವೇ ಅಂದ್ಕೊಂಡಿದ್ದು. ಆವತ್ತು ರಾತ್ರಿ ನನ್ನ ಕಾಲು ದಿಂಬಿನ ಮೇಲಿಟ್ಟು ಕೂತಾಗ, ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಬಾಯಿ ಬಿಡದಿದ್ದ ಮನುಷ್ಯ ಅದನ್ನ ಹೇಳಿದ್ರು.

ಸಿಯಾಚಿನ್. 1984ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಅಲ್ಲಿ ಕೂತಿದೆ, ಚಳಿಗಾಲದಲ್ಲಿ ಮೈನಸ್ 50ರ ತನಕ ಇಳಿಯುತ್ತೆ. ಚಿಕ್ಕಪ್ಪ 90ರ ದಶಕದ ಕೊನೇಲಿ ಒಂದು ಪೋಸ್ಟಿನಲ್ಲಿದ್ರು, ಜನವರಿ ತಿಂಗಳು. ಒಂದು ಪೋಸ್ಟಿಂದ ಇನ್ನೊಂದಕ್ಕೆ ಸಾಮಾನು ಹೊತ್ಕೊಂಡು ಹೋಗೋವಾಗ ಬೂಟಿನೊಳಗೆ ಬೆವರು ಬಂದು ಸಾಕ್ಸು ಒದ್ದೆಯಾಗಿತ್ತಂತೆ. ಅಲ್ಲಿ ಬೆವರೂ ಶತ್ರು, ಒದ್ದೆ ಬಟ್ಟೆ ಒಣಬಟ್ಟೆಗಿಂತ ಎಷ್ಟೋ ಪಟ್ಟು ಬೇಗ ಮೈಶಾಖ ಎಳ್ಕೊಂಡು ಹೋಗುತ್ತೆ. ಬೆರಳು ಮೊದಲು ನೋಯ್ತಿತ್ತು. ಅರ್ಧ ದಾರೀಲಿ ನೋವು ನಿಂತೋಯ್ತು. "ಸದ್ಯ ಸರಿಹೋಯ್ತು ಅಂದ್ಕಂಡೆ ಕಣ್ಲಾ," ಅಂದ್ರು, ನಾನು ಮಂಚದ ಮೇಲೆ ಅಂದ್ಕೊಂಡಿದ್ದ ಅದೇ ಮಾತು. ಹಟ್ ಸೇರಿ, ಒಳಗೆ ಬೆಚ್ಚಗಿಡೋ ಸೀಮೆಎಣ್ಣೆ ಒಲೆ, ಬುಖಾರಿ ಅಂತಾರೆ, ಅದರ ಪಕ್ಕ ಬೂಟು ಬಿಚ್ಚಿದಾಗ ಬೆರಳು ಬೆಳ್ಳಗೆ, ಜೊತೇಲಿದ್ದವನು ಉಗುರಲ್ಲಿ ತಟ್ಟಿದ್ರೆ ಟಕ್ ಟಕ್ ಅಂತ ಮರ ಬಡಿದಂಗೆ ಸದ್ದು.

ಯಾಕೆ ಹಿಂಗಾಗುತ್ತೆ ಅಂತ ಆಮೇಲೆ ನಾನು ಕೂತು ಓದಿದೆ, ಡಾಕ್ಟರ್ ಫ್ರೆಂಡ್ ಒಬ್ಬರ ತಲೇನೂ ತಿಂದೆ. ನಮ್ಮ ಕಡೆಯೋರಿಗೆ ಇದನ್ನ ಅರ್ಥ ಮಾಡ್ಕೊಳ್ಳೋದು ಸುಲಭ ಅನ್ಸುತ್ತೆ, ಯಾಕಂದ್ರೆ ನಾವು ನಾಲೆ ಜನ. ಕಟ್ಟೇಲಿ ನೀರು ಕಮ್ಮಿ ಇದ್ದಾಗ ಏನ್ ಮಾಡ್ತಾರೆ? ಮೊದಲು ಕುಡಿಯೋ ನೀರು, ಗದ್ದೆಗೆ ಆಮೇಲೆ, ಅದರಲ್ಲೂ ಕೊನೇ ಭಾಗಕ್ಕೆ ಎಲ್ಲರಿಗಿಂತ ಕೊನೇಲಿ. ಮೈನೂ ಅಷ್ಟೇ. ಹೃದಯ, ಮೆದುಳು, ಲಿವರು ಇವೆಲ್ಲ 37 ಡಿಗ್ರೀಲೇ ಇರಬೇಕು, ಅದು ತಪ್ಪಿದ್ರೆ ಜೀವವೇ ಹೋಗುತ್ತೆ, ಅದಕ್ಕೆ ಚಳಿ ಹೆಚ್ಚಾದಂಗೆ ಕೈಕಾಲಿಗೆ ಹೋಗೋ ರಕ್ತನಾಳಗಳ ತೂಬು ಮುಚ್ತಾ ಬರುತ್ತೆ. ಬೆರಳು, ಮೂಗಿನ ತುದಿ, ಕಿವಿ, ಕೆನ್ನೆ, ಇವೇ ಕೊನೇ ಭಾಗದ ಗದ್ದೆಗಳು. ಒಂದೇ ಸಲ ಪೂರ್ತಿ ನಿಲ್ಸಲ್ಲ ಅನ್ನೋದು ನನ್ನ ತುಂಬ ಮುಟ್ಟಿದ ವಿಷಯ. ಬೆರಳು ತೀರಾ ತಣ್ಣಗಾದಾಗ ಕೆಲವು ನಿಮಿಷಕ್ಕೊಂದ್ಸಲ ರಕ್ತ ಬಿಟ್ಟು ಬೆಚ್ಚಗೆ ಮಾಡಿ ಮತ್ತೆ ಮುಚ್ಚುತ್ತೆ. 1930ರಲ್ಲಿ ಥಾಮಸ್ ಲೂಯಿಸ್ ಅನ್ನೋ ಬ್ರಿಟಿಷ್ ಡಾಕ್ಟರ್ ತಣ್ಣೀರಲ್ಲಿ ಬೆರಳು ಅದ್ದಿಸಿ ಇದನ್ನ ಗುರುತು ಮಾಡಿದ್ರು. ನಮ್ಮಲ್ಲಿ ಕಟ್ಟು ಪದ್ಧತಿ ಅಂತಾರಲ್ಲ, ಇಷ್ಟು ದಿನ ಬಿಡೋದು ಇಷ್ಟು ದಿನ ನಿಲ್ಸೋದು, ಥೇಟ್ ಅದೇ. ಮೈಯೊಳಗಿನ ಶಾಖವೂ ಕುಸೀತಾ ಬಂದ್ರೆ ಮಾತ್ರ ಆ ಕಟ್ಟು ನೀರೂ ನಿಂತೋಗುತ್ತೆ. ಅಲ್ಲಿಗೆ ಬೆರಳನ್ನ ಮೈ ಕೈಬಿಟ್ಟಂಗೆ.

ಆಮೇಲೆ ನೋವಿನ ವಿಷಯ, ಇದಕ್ಕೇನೇ ನಾನು ಇಷ್ಟೆಲ್ಲ ಬರೀತಿರೋದು. ಚರ್ಮದ ಶಾಖ 10 ಡಿಗ್ರಿ ಹತ್ರ ಬರೋ ಹೊತ್ತಿಗೇ ನರ ಮಂಕಾಗಿ ಸ್ಪರ್ಶ ಹೋಗುತ್ತೆ. ಆದ್ರೆ ಚರ್ಮ ನಿಜವಾಗಿ ಹೆಪ್ಪುಗಟ್ಟೋಕೆ ಶುರುವಾಗೋದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಮೈಯೊಳಗಿನ ನೀರಲ್ಲಿ ಉಪ್ಪಿರೋದ್ರಿಂದ ಸರಿಯಾಗಿ ಸೊನ್ನೇಲಿ ಕಟ್ಟಲ್ಲ. ಅಂದ್ರೆ 10ರಿಂದ ಸೊನ್ನೆ ತನಕ ಇರೋ ದಾರೀನ ಬೆರಳು ಒಂದು ಮಾತೂ ಆಡದೆ ನಡ್ಕೊಂಡು ಹೋಗುತ್ತೆ. ಬೆಂಕಿ ಆದ್ರೆ ಸುಡೋ ತನಕ ಕೂಗಿಸುತ್ತೆ, ಕೈ ತಾನಾಗೇ ಹಿಂದಕ್ಕೆ ಬರುತ್ತೆ. ಚಳಿ ಮೊದಲು ಕೂಗೋ ಬಾಯಿ ಮುಚ್ಚಿಸಿ ಆಮೇಲೆ ಕೆಲಸ ಶುರು ಮಾಡುತ್ತೆ. ಮನೇಲಿರೋ ಫ್ರೀಜರು ಸಾಮಾನ್ಯ ಮೈನಸ್ 18ರಲ್ಲಿರುತ್ತೆ, ಅದರಿಂದ ಆಗ ತಾನೇ ತೆಗೆದ ಐಸಿಗೆ ನನ್ನ ಚರ್ಮ ಹೆಪ್ಪುಗಟ್ಟಿಸೋದು ಏನೂ ಕಷ್ಟದ ಕೆಲಸ ಆಗಿರ್ಲಿಲ್ಲ.

ಹೆಪ್ಪುಗಟ್ಟಿದಾಗ ಒಳಗೇನಾಗುತ್ತೆ ಅನ್ನೋದೂ ನಾನಂದ್ಕೊಂಡಂಗೆ ಇಲ್ಲ. ಐಸ್ ಹರಳುಗಳು ಮೊದಲು ಕಟ್ಟೋದು ಜೀವಕೋಶಗಳ ಹೊರಗೆ, ಅವುಗಳ ನಡುವಿನ ನೀರಲ್ಲಿ. ಅಲ್ಲಿ ನೀರು ಐಸಾಗ್ತಾ ಹೋದಂಗೆ ಉಳಿದ ನೀರಲ್ಲಿ ಉಪ್ಪು ಗಟ್ಟಿಯಾಗುತ್ತೆ, ಆ ಉಪ್ಪು ಕೋಶದೊಳಗಿನ ನೀರನ್ನ ಹೊರಗೆ ಎಳ್ಕೊಳ್ಳುತ್ತೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಹೋಳು ಮಾರನೇ ದಿನಕ್ಕೆ ನೀರು ಬಿಟ್ಕೊಂಡು ಸುರುಟಿರುತ್ತಲ್ಲ, ಕೋಶಗಳೂ ಹಾಗೇ ಬತ್ತಿ ಸಾಯ್ತವೆ. ಇದು ಅರ್ಧ ಹಾನಿ. ಇನ್ನರ್ಧ ಆಗೋದು ಕರಗಿದ ಮೇಲೆ. ತಿಂಗಳುಗಟ್ಟಲೆ ಒಣಗಿದ್ದ ಕಾಲುವೆಗೆ ನೀರು ಬಿಟ್ರೆ ಕಸ ಕಡ್ಡಿ ಹೂಳು ಎಲ್ಲ ಸೇರಿ ತೂಬಲ್ಲಿ ಕಟ್ಕೊಳ್ಳುತ್ತೆ, ಬಿರುಕು ಬಿಟ್ಟ ಏರಿಯಿಂದ ನೀರು ಸೋರುತ್ತೆ. ಹಂಗೇ ಒಳಪದರ ಹಾಳಾದ ಸಣ್ಣ ಸಣ್ಣ ರಕ್ತನಾಳಗಳಿಗೆ ರಕ್ತ ವಾಪಸ್ ನುಗ್ಗಿದಾಗ ಅದು ಗರಣೆಗಟ್ಟಿ ದಾರಿ ಮುಚ್ಕೊಳ್ಳುತ್ತೆ, ಸುತ್ತ ನೀರು ಸೋರಿ ಊತ ಬರುತ್ತೆ, ಬದುಕ್ಕೊಂಡಿದ್ದ ಕೋಶಕ್ಕೂ ಆಹಾರ ಸಿಗದೆ ಹೋಗುತ್ತೆ. ಕರಗಿ ಮತ್ತೆ ಹೆಪ್ಪುಗಟ್ಟಿದ್ರಂತೂ ಮೊದಲಿಗಿಂತ ಎಷ್ಟೋ ಪಟ್ಟು ಕೆಟ್ಟದು, ಅದಕ್ಕೇ ಬೆಟ್ಟದಲ್ಲಿ ಇನ್ನೂ ನಡೀಬೇಕಿದ್ರೆ, ಮತ್ತೆ ಹೆಪ್ಪುಗಟ್ಟೋ ಭಯ ಇದ್ರೆ, ಕಾಲು ಕರಗಿಸದೆ ಹಂಗೇ ನಡೆದು ಇಳೀರಿ ಅಂತ ಹೇಳ್ಕೊಡ್ತಾರೆ.

ಈ ಪಾಠ ಮನುಷ್ಯರಿಗೆ ಅರ್ಥ ಆಗೋಕೆ ತುಂಬ ಕಾಲ ಹಿಡಿದಿದೆ. 1812ರಲ್ಲಿ ನೆಪೋಲಿಯನ್ ಸೈನ್ಯ ಮಾಸ್ಕೋದಿಂದ ಸೋತು ವಾಪಸ್ ಬರೋವಾಗ ಅವರ ಸರ್ಜನ್ ಡೊಮಿನಿಕ್ ಜೀನ್ ಲಾರಿ ಕಣ್ಣಾರೆ ಕಂಡಿದ್ದು ಏನಂದ್ರೆ, ರಾತ್ರಿ ಕ್ಯಾಂಪಲ್ಲಿ ಬೆಂಕಿ ಮುಂದೆ ಕೈಕಾಲು ಕಾಯಿಸ್ಕೊಂಡ ಸೈನಿಕರಿಗೆ ಗ್ಯಾಂಗ್ರೀನ್ ಆಗ್ತಿತ್ತು. ಸತ್ತುಹೋದ ಚರ್ಮಕ್ಕೆ ಬೆಂಕಿ ಎಷ್ಟು ಬಿಸಿ ಅನ್ನೋದು ಗೊತ್ತಾಗಲ್ಲ, ಹೆಪ್ಪುಗಟ್ಟಿದ್ದು ಸಾಲದು ಅಂತ ಬೆಂದೂ ಹೋಗ್ತಿತ್ತು, ಬೆಳಗ್ಗೆ ಎದ್ದು ನಡೆದ್ರೆ ಮತ್ತೆ ಹೆಪ್ಪುಗಟ್ತಿತ್ತು. ಅವರು ನೋಡಿದ್ದು ನೂರಕ್ಕೆ ನೂರು ಸರಿ. ಆದ್ರೆ ಅದರಿಂದ ತಗೊಂಡ ತೀರ್ಮಾನ, ಬಿಸಿ ತೋರಿಸ್ಬೇಡಿ, ಹಿಮದಲ್ಲೇ ಮೆಲ್ಲಗೆ ಉಜ್ಜಿ ಅನ್ನೋದು, ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂತು. ಉಜ್ಜಿದಾಗ ಒಳಗಿರೋ ಹರಳುಗಳು ಚರ್ಮವನ್ನ ಇನ್ನಷ್ಟು ಹರೀತವೆ. ಅಲಾಸ್ಕಾದ ವಿಲಿಯಂ ಮಿಲ್ಸ್ ಅನ್ನೋ ಸರ್ಜನ್‌ನಂಥೋರು 1950-60ರ ದಶಕದಲ್ಲಿ, ಬೆಚ್ಚಗಿನ ನೀರಲ್ಲಿ ಬೇಗ ಕರಗಿಸೋದೇ ಸರಿ ಅಂತ ರೋಗಿಗಳಲ್ಲಿ ತೋರಿಸಿಕೊಟ್ರು. ಈಗ ಹೇಳೋದು 37ರಿಂದ 39 ಡಿಗ್ರಿ ನೀರು, ಚರ್ಮ ಮೆತ್ತಗಾಗಿ ಕೆಂಪು ಬಣ್ಣ ಬರೋ ತನಕ, ಸುಮಾರು ಅರ್ಧ ಗಂಟೆ. ನಮ್ಮ ಚಿಕ್ಕಮ್ಮ ಉಪ್ಪಿನ ಶಾಖ ಕೊಡ್ತೀನಿ, ಉಜ್ತೀನಿ ಅಂದಿದ್ದಕ್ಕೆ ನಾನು ಒಂದಿಷ್ಟೂ ತಪ್ಪು ಹೇಳಲ್ಲ, ನೆಪೋಲಿಯನ್ನನ ಸರ್ಜನ್‌ಗೇ ದಾರಿ ತಪ್ಪಿದ ಜಾಗ ಅದು.

1950ರ ಜೂನ್‌ನಲ್ಲಿ ಹಿಮಾಲಯದ ಅನ್ನಪೂರ್ಣ ಶಿಖರ ಹತ್ತಿದ ಫ್ರಾನ್ಸಿನ ಮಾರಿಸ್ ಎರ್ಝೋಗ್ ಕಥೇನೂ ಓದಿದೆ. ಇಳಿಯುವಾಗ ಅವರ ಗ್ಲೌಸ್ ಕೈಜಾರಿ ಇಳಿಜಾರಲ್ಲಿ ಉರುಳ್ಕೊಂಡು ಹೋಯ್ತು, ನೋಡ್ತಾ ನಿಂತ್ರು. ಬ್ಯಾಗಲ್ಲಿ ಸಾಕ್ಸ್ ಇತ್ತು, ಅದನ್ನ ಕೈಗೆ ಹಾಕ್ಕೊಳ್ಳಬಹುದು ಅನ್ನೋದು ಹೊಳೀಲೇ ಇಲ್ಲ. ಎತ್ತರ ಮತ್ತು ಚಳಿ ಬುದ್ಧೀನೂ ಮಂಕು ಮಾಡುತ್ತೆ. ಕೈಕಾಲು ಎರಡರ ಬೆರಳೂ ಹೋದ್ವು. ಇದನ್ನ ಚಿಕ್ಕಪ್ಪಂಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ನಿದ್ದು, "ನನ್ ಬ್ಯಾಗಲ್ಲೂ ಒಣಗಿದ ಸಾಕ್ಸ್ ಇತ್ತು" ಅಂದ್ರು.

ಚಿಕ್ಕಪ್ಪನ ಬೆರಳನ್ನ ಹಟ್ಟಲ್ಲಿ ನೀರಲ್ಲಿಟ್ಟೇ ಕರಗಿಸಿದ್ರು. ಆ ನೋವಿಗೆ ಬಾಯಿಗೆ ಬೆಲ್ಟ್ ಕಚ್ಚಿಸಿದ್ರಂತೆ. ಮಾರನೇ ದಿನ ಬೊಬ್ಬೆ, ಒಳಗೆ ಕೆಂಪು. ಮೋಡ ಮುಚ್ಕೊಂಡು ಎರಡು ದಿನ ಹೆಲಿಕಾಪ್ಟರ್ ಬರಕ್ಕಾಗ್ಲಿಲ್ಲ, ಆಮೇಲೆ ಕೆಳಗಿಳಿಸಿ ಲೇಹ್, ಅಲ್ಲಿಂದ ಚಂಡೀಗಢ. ಬೆರಳು ದಿನದಿಂದ ದಿನಕ್ಕೆ ಕಪ್ಪಾಗಿ, ಒಣಗಿ, ಸುಟ್ಟ ಬದನೆಕಾಯಿ ಸಿಪ್ಪೆ ಸುರುಟಿಕೊಂಡಂಗೆ ಆಯ್ತು, ವಾಸನೆ ಇಲ್ಲ, ಏನಿಲ್ಲ, ಸುಮ್ನೆ ಕಪ್ಪು. ಇವರಿಗೆ ಅದನ್ನ ಬೇಗ ತೆಗೆದುಬಿಡಿ ಅನ್ನಿಸ್ತಿತ್ತು, ಡಾಕ್ಟರು ತೆಗೀತಿರ್ಲಿಲ್ಲ. ಅದು ಯಾಕೆ ಅಂತ ನನಗೆ ಈಗ ಗೊತ್ತಾಯ್ತು. ಮೇಲೆ ಕಪ್ಪಾಗಿದ್ರೂ ಕೆಳಗೆ ಎಲ್ಲಿ ತನಕ ಸತ್ತಿದೆ ಎಲ್ಲಿಂದ ಬದುಕಿದೆ ಅನ್ನೋ ಗೆರೆ ಮೂಡೋಕೆ ವಾರಗಳು, ಕೆಲವು ಸಲ ತಿಂಗಳುಗಳೇ ಬೇಕು, ಅವಸರ ಮಾಡಿದ್ರೆ ಉಳಿಯೋ ಬೆರಳನ್ನೂ ಕತ್ತರಿಸಿದಂಗೆ. ಜನವರೀಲಿ ಹೆಪ್ಪುಗಟ್ಟಿದ್ದನ್ನ ಜುಲೈಲಿ ಕತ್ತರಿಸು ಅಂತ ಸರ್ಜನ್‌ಗಳಲ್ಲಿ ಹಳೇ ಮಾತೇ ಇದೆ. ಆ ನಡುಬೆರಳು ಅರ್ಧ ಉಳಿದಿದ್ದು ಹಂಗೆ ಕಾದಿದ್ದಕ್ಕೆ. ಬೆಳಗ್ಗೆ ಎದ್ದ ತಕ್ಷಣ ಹೊದಿಕೆ ಸರಿಸಿ ಗೆರೆ ಎಲ್ಲಿಗೆ ಬಂತು ಅಂತ ನೋಡ್ಕೊಳ್ತಿದ್ರಂತೆ, ನಾಲೆ ನೀರು ಎಲ್ಲಿ ತನಕ ಬಂತು ಅಂತ ನಮ್ ತಾತ ಬದು ಮೇಲೆ ನಿಂತು ನೋಡ್ತಿದ್ದಂಗೆ.

ಈಗ ಸ್ಕ್ಯಾನ್ ಮಾಡಿ ಆ ಗೆರೆ ಬೇಗ ಕಂಡ್ಕೊಳ್ಳೋಕೆ ಸಾಧ್ಯ ಆಗಿದೆ. ಹೆಪ್ಪುಗಟ್ಟಿದ ಬೆರಳು ಕರಗಿದ 24 ಗಂಟೆಯೊಳಗೆ ಆಸ್ಪತ್ರೆ ಸೇರಿದ್ರೆ ರಕ್ತದ ಗರಣೆ ಕರಗಿಸೋ ಔಷಧಿ ಕೊಡ್ತಾರೆ, ರಕ್ತನಾಳ ಹಿಗ್ಗಿಸೋ ಐಲೋಪ್ರಾಸ್ಟ್ ಅನ್ನೋದಕ್ಕೆ 2024ರ ಫೆಬ್ರವರೀಲಿ ಅಮೆರಿಕಾದಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ತೀವ್ರ ಫ್ರಾಸ್ಟ್‌ಬೈಟ್‌ನಲ್ಲಿ ಬೆರಳು ಕತ್ತರಿಸೋ ಸಂಭವ ಕಮ್ಮಿ ಮಾಡೋಕೆ ಅಂತಾನೇ. ಚಿಕ್ಕಪ್ಪಂಗೆ ಇದೆಲ್ಲ ಸಿಕ್ಕಿದ್ರೆ ಅಂತ ಅನ್ಸಿ ಸಂಕಟ ಆಯ್ತು. ಎರಡು ದಿನ ಮೋಡ ಇದ್ದಿದ್ರಿಂದ ಸಿಗ್ತಾನೂ ಇರ್ಲಿಲ್ಲ ಅನ್ನೋದೂ ನಿಜ.

ಬೆರಳು ಹೋದ್ರೆ ಹೋಯ್ತು ಅಂತ ಮುಗಿಯೋ ಕಾಯಿಲೆ ಅಲ್ಲ ಇದು. ಧನುರ್ಮಾಸದಲ್ಲಿ ನಮ್ಮೂರಲ್ಲಿ ಬೆಳಗಿನ ಜಾವ 15-16 ಡಿಗ್ರಿ ಇರುತ್ತೆ, ನಮಗೆ ಅದು ಹಿತವಾದ ಚಳಿ, ಚಿಕ್ಕಪ್ಪನ ಎಡಪಾದ ಮಾತ್ರ ನೀಲಿಗೆ ತಿರುಗುತ್ತೆ. ಒಂದ್ಸಲ ಹೆಪ್ಪುಗಟ್ಟಿದ ಜಾಗದ ನರ, ರಕ್ತನಾಳ ಮೊದಲಿನಂಗೆ ಆಗಲ್ಲ, ಚಳಿ ಕಂಡ್ರೆ ಅತಿಯಾಗಿ ಬಿಗ್ಕೊಳ್ತವೆ, ಪಾದ ಬೆವರೋದು ಜಾಸ್ತಿಯಾಗುತ್ತೆ, ಕೀಲು ಬೇಗ ಸವೆಯುತ್ತೆ. ಇಲ್ಲದ ಕಿರುಬೆರಳಲ್ಲಿ ಉರಿ ಬರುತ್ತಂತೆ. ಬೇಸಗೆ ರಾತ್ರೀಲೂ ಅವರು ಉಣ್ಣೆ ಸಾಕ್ಸ್ ಹಾಕ್ಕೊಂಡು ಮಲಗೋದನ್ನ ನಾವು ಮಕ್ಕಳು ನೋಡಿ ನಗ್ತಿದ್ವಿ, ಅದನ್ನ ನೆನೆಸ್ಕೊಂಡ್ರೆ ಈಗ ಕಷ್ಟ ಆಗುತ್ತೆ.

2016ರ ಫೆಬ್ರವರೀಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಯೋಧರು ಸಿಕ್ಕಿಹಾಕ್ಕೊಂಡಾಗ ಇಡೀ ಕರ್ನಾಟಕ ಟೀವಿ ಮುಂದೆ ಕೂತಿತ್ತು. ನಮ್ಮ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ಕಡೆ ಹುಡುಗನೂ ಅದರಲ್ಲಿದ್ರು. ಸುಮಾರು 19,600 ಅಡಿ ಎತ್ತರದಲ್ಲಿ ಆರು ದಿನ ಹಿಮದಡಿ ಇದ್ದು ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದಾಗ ಚಿಕ್ಕಪ್ಪ ಎದ್ದು ನಿಂತಿದ್ದು ನನಗೆ ನೆನಪಿದೆ. ಅವರಿಗೆ ಫ್ರಾಸ್ಟ್‌ಬೈಟ್ ಆಗಿಲ್ಲ, ಮೂಳೆ ಮುರಿದಿಲ್ಲ ಅಂತ ಆಸ್ಪತ್ರೆಯೋರು ಹೇಳಿದ್ರು. ಆರು ದಿನ ಹಿಮದಲ್ಲಿದ್ದೋರ ಬೆರಳು ಹೆಂಗೆ ಉಳೀತು ಅಂತ ಎಲ್ರೂ ಆಶ್ಚರ್ಯ ಪಟ್ರು. ಹೊರಗಡೆ ಬೀಸೋ ಗಾಳಿಗೆ ಹೋಲಿಸಿದ್ರೆ ಹಿಮದ ಒಳಗೆ ಅಷ್ಟು ಚಳಿ ಇರಲ್ಲ, ಹಿಮ ಕಂಬಳಿ ಥರ, ಗಾಳಿ ತಡೆಯುತ್ತೆ. ಬೆರಳು ಕಚ್ಚೋದು ಬೇರೆ, ಇಡೀ ಮೈಯೊಳಗಿನ ಶಾಖ 35ಕ್ಕಿಂತ ಕೆಳಗಿಳಿದು ಅಂಗಾಂಗ ಸೋಲೋದು ಬೇರೆ, ಅದು ಹೈಪೋಥರ್ಮಿಯಾ, ಬೆರಳು ಚೆನ್ನಾಗಿದ್ರೂ ಜೀವ ತಗೊಳ್ಳುತ್ತೆ. ಫೆಬ್ರವರಿ 11ಕ್ಕೆ ಹನುಮಂತಪ್ಪ ಹೋದ್ರು. ಚಿಕ್ಕಪ್ಪ ಆವತ್ತು ಊಟ ಮಾಡ್ಲಿಲ್ಲ.

ಮಂಡ್ಯದೋರಿಗೆ ಇದೆಲ್ಲ ಯಾಕೆ ಅಂತ ಕೇಳೋರಿಗೆ ಒಂದೆರಡು ಮಾತು. ಊರೂರಿಗೆ ಹಸುಗೆ ಇಂಜೆಕ್ಷನ್ ಮಾಡೋಕೆ ಬರೋರು ಕ್ಯಾನಲ್ಲಿ ತರ್ತಾರಲ್ಲ ಹೊಗೆಯಾಡೋ ನೈಟ್ರೋಜನ್, ಅದು ಮೈನಸ್ 196 ಡಿಗ್ರಿ, ಮಕ್ಕಳು ಅದರ ಸುತ್ತ ಮುತ್ಕೊಳ್ತವೆ, ದಯವಿಟ್ಟು ದೂರ ನಿಲ್ಸಿ. ಗ್ಯಾಸ್ ಸಿಲಿಂಡರ್ ಲೀಕಾಗಿ ದ್ರವ ಕೈಗೆ ಬಿದ್ರೂ ಅದೇ ಗಾಯ. ಐಸ್ ಇಡೋದಾದ್ರೆ ಬಟ್ಟೇಲಿ ಸುತ್ತಿ, ಹತ್ತು ಹದಿನೈದು ನಿಮಿಷ, ಇಟ್ಕೊಂಡು ಮಲಗಬೇಡಿ. ಲಡಾಖಿಗೆ ಬೈಕಲ್ಲಿ ಹೋಗೋ ಹುಡುಗರು ಮೈಸೂರಲ್ಲಿ ಈಗ ಎಷ್ಟೊಂದು ಜನ ಇದ್ದಾರೆ, ಬಿಗಿಯಾದ ಬೂಟು, ಸಿಗರೇಟು, ಕುಡಿತ, ಮೂರೂ ಬೆರಳಿಗೆ ಶತ್ರು. ಕುಡಿದ್ರೆ ಮೈ ಬೆಚ್ಚಗಾಯ್ತು ಅನ್ಸುತ್ತೆ, ಒಳಗಿನ ಶಾಖ ಚರ್ಮಕ್ಕೆ ಬಂದು ಹೊರಗೆ ಹೋಗ್ತಿರೋದು ಅದು.

ಇನ್ನೊಂದು ಇದೆ. ಚಿಕ್ಕಮ್ಮಂಗೆ ಹನ್ನೆರಡು ವರ್ಷದಿಂದ ಶುಗರ್. ಎರಡು ವರ್ಷದಿಂದ ಪಾದದಲ್ಲಿ ಸ್ಪರ್ಶ ಕಮ್ಮಿ, ಚಪ್ಪಲಿ ಕಳಚಿಹೋದ್ರೂ ಗೊತ್ತಾಗಲ್ಲ. ಹೋದ ಸಂಕ್ರಾಂತಿಗೆ ಊರಲ್ಲಿದ್ದಾಗ ನೋಡಿದೆ. ರಾತ್ರಿ ಊಟ ಆಗಿ ಪಾತ್ರೆ ಎಲ್ಲ ಎತ್ತಿಟ್ಟ ಮೇಲೆ ಚಿಕ್ಕಪ್ಪ ಟಾರ್ಚ್ ತಗೊಂಡು ಚಾಪೆ ಮೇಲೆ ಕೂತ್ಕೊಂಡು ಚಿಕ್ಕಮ್ಮನ ಪಾದ ತೊಡೆ ಮೇಲಿಟ್ಕೊಂಡ್ರು. ಪೋಸ್ಟಲ್ಲಿ ದಿನಾ ರಾತ್ರಿ ಒಬ್ಬರ ಕಾಲು ಇನ್ನೊಬ್ಬರು ನೋಡ್ಬೇಕಿತ್ತಂತೆ, ನಮ್ಮ ಕಾಲು ನಮಗೇ ಸುಳ್ಳು ಹೇಳ್ತದೆ ಅಂತ. ಹಿಮ್ಮಡಿ ಬಿರುಕು, ಅಂಗಾಲು, ಆಮೇಲೆ ಒಂದೊಂದೇ ಬೆರಳು ಬಿಡಿಸಿ ಸಂದೀಲಿ ಬೆಳಕು ಬಿಟ್ಟು ನೋಡಿದ್ರು. ಚಿಕ್ಕಮ್ಮ ಟೀವಿ ಕಡೆ ತಿರುಗಿದ್ರು. ಹೆಬ್ಬೆರಳ ಕೆಳಗೆ ಒಂದು ಕಡೆ ಕೆಂಪಗಿತ್ತು, ಮುಳ್ಳೋ ಏನೋ. ಚಿಕ್ಕಪ್ಪ ಅಲ್ಲಿ ಒತ್ತಿದ್ರು.

"ನೋವಾಯ್ತದಾ?"

"ಇಲ್ಲ ಬುಡಿ, ಏನಿಲ್ಲ."

ಟಾರ್ಚನ್ನ ಇನ್ನೂ ಹತ್ರ ತಂದು ಮತ್ತೆ ಒತ್ತಿದ್ರು.